ಅಮೆರಿಕದ ಹಕ್ಕು ಓದುತ್ತಿರುವ ಮಗಳಿಗೆ

ಲಾ ಕಾಲೇಜಿಗೆ ಸೇರಿದ ಮೇಲೆ ನಿನಗೆ ಅಮೆರಿಕದ ಸಂವಿಧಾನದ ಹುಚ್ಚು ಹಿಡಿದಿದೆ ಅಂತ ನಿನ್ನಪ್ಪ ಹೇಳಿದ. ಹಿಡಿಯಲಿ ಮಗಳೇ, ಕೆಟ್ಟದ್ದಲ್ಲ. ಆದರೆ 1791ರ ಹತ್ತು ತಿದ್ದುಪಡಿ ಬಾಯಿಪಾಠ ಮಾಡಿ ಅಲ್ಲಿಗೇ ನಿಲ್ಲಬೇಡ. ಅವು ಮೊದಲು ಕಟ್ಟಿಹಾಕಿದ್ದು ಕೇಂದ್ರ ಸರ್ಕಾರವನ್ನು ಮಾತ್ರ. ರಾಜ್ಯಗಳನ್ನು ಹಿಡಿಯುವುದಕ್ಕೆ ಅಂತರ್ಯುದ್ಧ ಮುಗಿದು, 1868ರಲ್ಲಿ ಹದಿನಾಲ್ಕನೇ ತಿದ್ದುಪಡಿ ಬರಬೇಕಾಯಿತು.

ಅದರಲ್ಲಿರುವ 'ಡ್ಯೂ ಪ್ರೋಸೆಸ್' ಏನೆಂದು ತಿಳಿಯಲು ಮುತ್ತಿನಕೊಪ್ಪದಾಚೆ ಹೋಗಬೇಕಿಲ್ಲ. ಯಾರದೋ ತೋಟದ ಅಂಚು ಕಾಡಿಗೆ ಒತ್ತುವರಿಯಾಗಿದೆ ಎಂದು ಇಲಾಖೆ ಹೇಳಿತು ಅಂತಿಟ್ಟುಕೋ. ಮೊದಲು ನೋಟಿಸ್ ಬರಬೇಕು. ಪಹಣಿ, ಸರ್ವೆ ನಕ್ಷೆ ತೋರಿಸಲು ವಾಯಿದೆ ಸಿಗಬೇಕು. ಅಹವಾಲು ಕೇಳಿದವರು ಕಾರಣ ಬರೆದು ಆದೇಶ ಮಾಡಬೇಕು, ಅಪೀಲಿಗೆ ದಾರಿ ಇರಬೇಕು. ಅಡಿಕೆ ಮರ ಕಡಿಯುವ ಮಾತೇನಿದ್ದರೂ ಆಮೇಲೆ.

ನಮ್ಮ ಸಂವಿಧಾನದ ಕರಡಿನಲ್ಲೂ 'ಡ್ಯೂ ಪ್ರೋಸೆಸ್' ಎಂಬ ಮಾತಿತ್ತು. ಅದು ಬಿಟ್ಟುಹೋಗುವುದರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ಮಂಗಳೂರಿನವರೇ ಆದ ಬೆನಗಲ್ ನರಸಿಂಗರಾಯರ ಪಾತ್ರ ದೊಡ್ಡದು. 1947ರಲ್ಲಿ ಅವರು ಅಮೆರಿಕಕ್ಕೆ ಹೋದಾಗ ಅಲ್ಲಿಯ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಎಚ್ಚರಿಸಿದರು: ಜನ ಆರಿಸಿದ ಸಭೆ ಮಾಡಿದ ಕಾನೂನನ್ನು ಬೆರಳೆಣಿಕೆಯ ನ್ಯಾಯಾಧೀಶರು ಹೊಡೆದುಹಾಕುವಂತಾದೀತು. ಕೊನೆಗೆ 21ನೇ ವಿಧಿಯಲ್ಲಿ ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ ಇದ್ದರೆ ಸಾಕು ಎಂದಾಯಿತು. ರಾಯರನ್ನು ಬೈಯಬೇಡ. ಭೂಸುಧಾರಣೆ ಎದುರಿಗಿದ್ದ ದೇಶಕ್ಕೆ ಆ ಅಂಜಿಕೆ ಪೂರಾ ಸುಳ್ಳೇನಲ್ಲ.

ಆ ಮಾತು ಬಿಟ್ಟದ್ದರ ಬಿಸಿ ತಟ್ಟಿದ್ದು ತುರ್ತುಪರಿಸ್ಥಿತಿಯಲ್ಲಿ. 1975ರ ಜೂನ್‌ನಲ್ಲಿ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅವರನ್ನು ಅಲ್ಲಿಯೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಅವರ ಪರ ನಿಂತ ತೀರ್ಥಹಳ್ಳಿ ಸೀಮೆಯ ವಕೀಲ ರಾಮಾ ಜೋಯಿಸರೂ ಜೈಲು ಸೇರಿದರು. ಬಂಧನವನ್ನು ಪ್ರಶ್ನಿಸಿದ ಅರ್ಜಿ ಕೇಳಬಹುದು ಎಂದು ಕರ್ನಾಟಕವೂ ಸೇರಿ ಒಂಬತ್ತು ಹೈಕೋರ್ಟುಗಳು ಹೇಳಿದವು. ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಅವರನ್ನು ಅಲಹಾಬಾದಿಗೆ, ಸದಾನಂದಸ್ವಾಮಿಯವರನ್ನು ಗುವಾಹಟಿಗೆ ಎತ್ತಂಗಡಿ ಮಾಡಿದರು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಅಂಥ ಅರ್ಜಿಯ ಬಾಗಿಲನ್ನೂ ಮುಚ್ಚಿತು. ಐವರಲ್ಲಿ ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಮುಖ್ಯ ನ್ಯಾಯಮೂರ್ತಿಯ ಸರದಿ ಬಂದಾಗ ಅವರನ್ನು ದಾಟಿ ಕಿರಿಯರನ್ನು ಕೂರಿಸಿದರು. ಆ ತೀರ್ಪು ಪೂರ್ತಿ ಬಿದ್ದುಹೋಗಲು 2017ರ ಆಗಸ್ಟ್ 24 ಆಗಬೇಕಾಯಿತು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ ಹಾಕಿದ ಆಧಾರ್ ಕೇಸಿನಲ್ಲಿ ಅದು ಬಿತ್ತು.

ಅಮೆರಿಕದಲ್ಲಾಗಿದ್ದರೆ ಹೀಗಾಗುತ್ತಿರಲಿಲ್ಲ ಅನ್ನಬೇಡ. ಡ್ಯೂ ಪ್ರೋಸೆಸ್ ಬರೆದಿಟ್ಟುಕೊಂಡೇ ಅವರ ಸುಪ್ರೀಂ ಕೋರ್ಟ್ 1944ರಲ್ಲಿ ಕೊರೆಮಾಟ್ಸು ಕೇಸಿನಲ್ಲಿ ಜಪಾನೀ ಮೂಲದವರನ್ನು ಮನೆ ಬಿಡಿಸಿದ್ದು ಸರಿ ಎಂದಿತು.

ಅಲ್ಲಿಯದೇ ಗಿಡಿಯನ್ ಕೇಸನ್ನು ಮಾತ್ರ ನಿಧಾನವಾಗಿ ಓದು. ಕಳ್ಳತನದ ಆರೋಪ ಹೊತ್ತ ಫ್ಲಾರಿಡಾದ ಬಡವ, ವಕೀಲರನ್ನು ಕೊಡಿ ಎಂದು ಕೇಳಿದ, ಕೋರ್ಟ್ ಕೊಡಲಿಲ್ಲ. ಜೈಲಿನ ಕಾಗದದ ಮೇಲೆ ಪೆನ್ಸಿಲಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. 1963ರಲ್ಲಿ ಗೆದ್ದ. ಮರುವಿಚಾರಣೆಯಲ್ಲಿ ವಕೀಲರಿದ್ದರು, ನಿರ್ದೋಷಿ ಎಂದು ಹೊರಬಂದ.

ಈ ರಜೆಗೆ ಬಂದಾಗ ಒಂದು ಬೆಳಿಗ್ಗೆ ನರಸಿಂಹರಾಜಪುರದ ಕೋರ್ಟಿನಲ್ಲಿ ಕೂತು ರಿಮ್ಯಾಂಡ್ ನೋಡು. ಹಿಡಿದವರನ್ನು 24 ಗಂಟೆಯೊಳಗೆ ತಂದರೇ, ಕಾರಣ ಹೇಳಿದ್ದರೇ, ಪಕ್ಕದಲ್ಲಿ ವಕೀಲರಿದ್ದಾರೆಯೇ ಗಮನಿಸು. ಇಲ್ಲದಿದ್ದರೆ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಹಾಕಬಹುದು. ಹೆಂಗಸರಿಗೆ, ಕಸ್ಟಡಿಯಲ್ಲಿರುವವರಿಗೆ ಆದಾಯದ ಲೆಕ್ಕ ಕೇಳದೆ ವಕೀಲರನ್ನು ಕೊಡಬೇಕು. ಆ ಅರ್ಜಿ ಬರೆಯುವುದನ್ನು ಈಗಲೇ ಕಲಿ. ಕನ್ನಡದಲ್ಲೇ ಬರೆ, ಓದಿ ಹೇಳು, ಆಮೇಲೆ ಸಹಿ ಹಾಕಿಸು.