ಅಗರಬತ್ತಿಯ ಪರಿಮಳ ಮತ್ತು ದಾಸ್ತಾನಿನ ಮೌಲ್ಯ

ದೋಣಿಮಲೈಯ ಅದಿರಿಗೆ ತೂಕ ಹಾಗೂ ಕಬ್ಬಿಣಾಂಶವನ್ನು ನೋಡಿ ಬೆಲೆ ಕಟ್ಟಲಾಗುತ್ತದೆ. ಅಗರಬತ್ತಿಯ ಬೆಲೆ ಇರುವುದು ಹಚ್ಚಿದಾಗ ಹೊಮ್ಮುವ ಪರಿಮಳದಲ್ಲಿ.

ಬತ್ತಿಯು ಜ್ವಾಲೆಯಿಲ್ಲದೆ ಕೆಂಡವಾಗಿ ಉರಿಯುತ್ತದೆ. ಕೆಂಡದ ಹಿಂದಿನ ಬಿಸಿಯಾದ ಭಾಗದಿಂದ ಸುಗಂಧ ತೈಲವು ಆವಿಯಾಗಿ ಹೊರಬರುತ್ತದೆ. ಇದ್ದಿಲಿಗೆ ಸ್ವಂತ ವಾಸನೆ ಕಡಿಮೆ. ಮರದ ಹೊಟ್ಟು ಅಧಿಕವಾದರೆ ಸುಟ್ಟ ಕಟ್ಟಿಗೆಯ ವಾಸನೆ ಮೇಲಾಗುತ್ತದೆ. ಹಾಲ್ಮಡ್ಡಿ, ಸಾಂಬ್ರಾಣಿಗಳು ಬಿಸಿ ತಾಗಿದಾಗಲೇ ಪೂರ್ಣ ಪರಿಮಳ ಬೀರುತ್ತವೆ. ಆದುದರಿಂದ ಪೊಟ್ಟಣವನ್ನು ಮೂಸಿದರೆ ಸಾಲದು, ಕಡ್ಡಿಯನ್ನು ಹಚ್ಚಿಯೇ ಸರಕನ್ನು ಪರೀಕ್ಷಿಸತಕ್ಕದ್ದು.

ಬಿಸಿಲ ನಾಡಿನ ಗೋದಾಮಿನಲ್ಲಿ, ಗಾಳಿಯಾಡುವ ಪೊಟ್ಟಣದೊಳಗಿನ ತೈಲವು ಹಚ್ಚುವ ಮೊದಲೇ ಆರಿಹೋಗುತ್ತದೆ. ಎಣಿಕೆ ಸರಿಯಿದ್ದರೂ ಬೆಲೆ ಇಳಿದಿರುತ್ತದೆ. ಲೆಕ್ಕಪತ್ರ ಮಾನದಂಡ 2ರ ಮೇರೆಗೆ ದಾಸ್ತಾನನ್ನು ಅದರ ವೆಚ್ಚ ಅಥವಾ ಮಾರಾಟದ ಖರ್ಚು ಕಳೆದು ಕೈಸೇರುವ ಮೊತ್ತ, ಇವೆರಡರಲ್ಲಿ ಕಡಿಮೆಯಾದ ಮೌಲ್ಯಕ್ಕೆ ತೋರಿಸಬೇಕು. ಉದಾಹರಣೆಗೆ, 40 ರೂ. ವೆಚ್ಚದ ಕಟ್ಟಿನಿಂದ 25 ರೂ. ಮಾತ್ರ ಕೈಸೇರುವಂತಿದ್ದರೆ ಅದರ ಮೌಲ್ಯ 25 ರೂ. ತಪ್ಪಿದಲ್ಲಿ ಇಲ್ಲದ ಲಾಭ ಕಂಡುಬಂದು, ಅದರ ಮೇಲೆ ತೆರಿಗೆಯನ್ನೂ ತೆರಬೇಕಾದೀತು.

ಮಾರ್ಚ್ 31ರ ಎಣಿಕೆಯಂದು ಪ್ರತಿ ಖರೀದಿಯ ಸರಕಿನಿಂದ ಒಂದೊಂದು ಕಡ್ಡಿಯನ್ನು ಹಚ್ಚಿ ನೋಡಿ, ಕಂಡದ್ದನ್ನು ದಾಸ್ತಾನು ಪಟ್ಟಿಯಲ್ಲಿ ದಾಖಲಿಸುವುದು ಲೇಸು.