ದನಿ ಬರುತ್ತದೆ, ಚಿತ್ರ ಬರುವುದಿಲ್ಲ: ಮನೆಯ ಕಂಪ್ಯೂಟರಿನಲ್ಲಿ ವಿಡಿಯೊ ತೊಂದರೆಗಳು



ಕಳೆದ ತಿಂಗಳು ನಮ್ಮ ಆಪಾನ ನಿಕಾಹ್ ಹುಬ್ಬಳ್ಳಿಯಲ್ಲಿ ಆಯಿತು. ದಾದಿ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದಿದ್ದರಿಂದ ಬಮ್ಮಿಗಟ್ಟಿಯ ಮನೆಯಲ್ಲೇ ಉಳಿಯಬೇಕಾಯಿತು. ಗೋವಾದಲ್ಲಿ ಕೆಲಸ ಮಾಡುವ ಮಾಮು ತಮ್ಮ ಹೊಸ ಫೋನಿನಲ್ಲಿ 26 ನಿಮಿಷದ ವಿಡಿಯೊ ಮಾಡಿಕೊಂಡು ಬಂದಿದ್ದರು. ಫೋನಿನ ಸಣ್ಣ ಪರದೆಯಲ್ಲಿ ದಾದಿಗೆ ಯಾರ ಮುಖವೂ ತಿಳಿಯಲಿಲ್ಲ. ಅದಕ್ಕೆ ನಮ್ಮ ಹಳೆಯ ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಹಾಕಿದೆ. ಖಾಜಿ ಸಾಹೇಬರ ದನಿ ಸ್ಪಷ್ಟವಾಗಿ ಕೇಳಿತು. ಪರದೆ ಮಾತ್ರ ಕಪ್ಪು. "ಆವಾಜ್ ಆರೀ, ಸೂರತ್ ನೈ ದಿಕ್ರೀ" ಅಂದರು ದಾದಿ. ದನಿ ಬರುತ್ತಿದೆ, ಮುಖ ಕಾಣುತ್ತಿಲ್ಲ. ಕಂಪ್ಯೂಟರ್ ಪುಸ್ತಕದಲ್ಲಿ ಇದಕ್ಕಿಂತ ಸರಿಯಾದ ವಿವರಣೆ ನಾನು ಓದಿಲ್ಲ, ಏಕೆಂದರೆ ಆ ಮಾತಿನಲ್ಲೇ ಅರ್ಧ ಉತ್ತರ ಇತ್ತು.

ನಮ್ಮದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್. ಎರಡನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, ವಿಂಡೋಸ್ 7. ಅಬ್ಬಾ ಪೇಟೆಯ ಅಂಗಡಿಯೊಂದರಲ್ಲಿ ಕೇಳಿದಾಗ, "ಇದರಾಗ ಗ್ರಾಫಿಕ್ ಕಾರ್ಡ್ ಇಲ್ಲರಿ. ಆರು ಸಾವಿರ ಆಗ್ತೈತಿ. ಇಲ್ಲಾಂದ್ರ ಹೊಸಾ ಸಿಸ್ಟಮ್ಮ ತಗೊಂಡ್ಬಿಡ್ರಿ" ಎಂಬ ಉತ್ತರ ಬಂತು. ಸೋಯಾಬೀನ್ ಮಾರಿದ ದುಡ್ಡಿನಲ್ಲಿ ಕೊಡಲು ಅಬ್ಬಾ ತಯಾರಾಗಿಯೂ ಇದ್ದರು. ಕೊನೆಗೆ ನಮಗೆ ಆದ ಖರ್ಚು ಸೊನ್ನೆ. ಅದು ಹೇಗೆ ಎಂದು ಹೇಳುವ ಮೊದಲು ವಿಡಿಯೊ ಫೈಲ್ ಅಂದರೆ ಏನು ಎಂಬುದನ್ನು ನೋಡೋಣ.

ಒಂದು ಲೆಕ್ಕ ಮಾಡಿ. ಫುಲ್ ಎಚ್‌ಡಿ ಚಿತ್ರ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಒಟ್ಟು 20,73,600 ಚುಕ್ಕೆ. ಪ್ರತಿ ಚುಕ್ಕೆಯ ಬಣ್ಣ ಬರೆಯಲು 3 ಬೈಟ್. ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಒಂದು ಸೆಕೆಂಡಿಗೆ 15,55,20,000 ಬೈಟ್, ಅಂದರೆ ಸುಮಾರು 155 ಎಂಬಿ. ಒಂದು ನಿಮಿಷಕ್ಕೆ 9 ಜಿಬಿಗೂ ಹೆಚ್ಚು. ಇದನ್ನು ಹಾಗೆಯೇ ಇಟ್ಟರೆ ಫೋನಿನ ಜಾಗ ಬೇಗನೆ ತುಂಬಿಹೋಗುತ್ತದೆ. ಆದ್ದರಿಂದ ಅದನ್ನು ಒತ್ತಿ ಚಿಕ್ಕದು ಮಾಡಬೇಕು, ನೋಡುವಾಗ ಮತ್ತೆ ಬಿಡಿಸಬೇಕು. ಈ ಒತ್ತುವ ಮತ್ತು ಬಿಡಿಸುವ ವಿಧಾನಕ್ಕೇ ಕೋಡೆಕ್ ಎನ್ನುತ್ತಾರೆ.

ಕಾಮರ್ಸ್‌ನವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಲೆಡ್ಜರಿನಲ್ಲಿ ನಾವು ಪ್ರತಿ ದಿನ ಇಡೀ ಆಸ್ತಿಯ ಪಟ್ಟಿ ಬರೆಯುವುದಿಲ್ಲ. ಓಪನಿಂಗ್ ಬ್ಯಾಲೆನ್ಸ್ ಒಮ್ಮೆ ಬರೆದು, ಆಮೇಲೆ ಆದ ವ್ಯವಹಾರಗಳನ್ನು ಮಾತ್ರ ಬರೆಯುತ್ತೇವೆ. ಕೋಡೆಕ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಒಂದು ಪೂರ್ತಿ ಚಿತ್ರ ಇಟ್ಟುಕೊಳ್ಳುತ್ತದೆ, ಅದಕ್ಕೆ ಕೀ ಫ್ರೇಮ್ ಎಂದು ಹೆಸರು. ಆಮೇಲಿನ ಚಿತ್ರಗಳಲ್ಲಿ ಏನು ಬದಲಾಯಿತೋ ಅಷ್ಟನ್ನೇ ಬರೆಯುತ್ತದೆ. ಶಾದಿಮಹಲ್ಲಿನ ಗೋಡೆ ಬದಲಾಗದಿದ್ದರೆ ಗೋಡೆಯನ್ನು ಮತ್ತೆ ಬರೆಯುವ ಅಗತ್ಯ ಇಲ್ಲ. ಕೆಲವೊಮ್ಮೆ ವಿಡಿಯೊ ಮುಂದೆ ಓಡಿಸಿದಾಗ ಮುಖಗಳು ಕರಗಿದ ಹಾಗೆ ಚೌಕ ಚೌಕವಾಗಿ ಕಂಡು, ಸ್ವಲ್ಪ ಹೊತ್ತಿನಲ್ಲಿ ತಾನೇ ಸರಿಯಾಗುವುದನ್ನು ನೀವು ನೋಡಿರಬಹುದು. ನಡುವಿನ ಒಂದು ಎಂಟ್ರಿ ತಪ್ಪಿದೆ, ಮುಂದಿನ ಬ್ಯಾಲೆನ್ಸ್ ಬರುವ ತನಕ ಲೆಕ್ಕ ತಪ್ಪಾಗಿಯೇ ಇರುತ್ತದೆ.

ಇನ್ನು ಎಂಪಿ4, ಎಂಕೆವಿ, ಎವಿಐ ಎಂಬ ಹೆಸರುಗಳು. ಇವು ಕೋಡೆಕ್ ಅಲ್ಲ, ಡಬ್ಬಿಗಳು. ನಮ್ಮ ಅಮ್ಮಿ ಧಾರವಾಡ ಪೇಡೆಯ ಡಬ್ಬಿಯಲ್ಲಿ ಸೂಜಿ ದಾರ ಇಡುತ್ತಾರೆ. ಡಬ್ಬಿ ನೋಡಿ ಆಸೆಯಿಂದ ತೆಗೆದವರಿಗೆ ಗುಂಡಿ ಸಿಗುತ್ತದೆ. ಹಾಗೆ ಒಂದೇ ಎಂಪಿ4 ಡಬ್ಬಿಯಲ್ಲಿ 2003ರಲ್ಲಿ ಬಂದ ಎಚ್.264 ವಿಡಿಯೊನೂ ಇರಬಹುದು, 2013ರಲ್ಲಿ ಬಂದ ಎಚ್.265 ವಿಡಿಯೊನೂ ಇರಬಹುದು. ಎಚ್.265ಕ್ಕೆ ಎಚ್‌ಇವಿಸಿ ಎಂಬ ಇನ್ನೊಂದು ಹೆಸರೂ ಇದೆ. ಡಬ್ಬಿಯೊಳಗೆ ಚಿತ್ರ ಬೇರೆ, ದನಿ ಬೇರೆ ಇರುತ್ತದೆ, ಎರಡಕ್ಕೂ ಬೇರೆ ಬೇರೆ ಕೋಡೆಕ್. ಫೈಲಿನ ಹೆಸರಿನ ಕೊನೆಯಲ್ಲಿ ಎಂಕೆವಿ ಅಳಿಸಿ ಎಂಪಿ4 ಎಂದು ಬರೆದರೆ ಡಬ್ಬಿಯ ಚೀಟಿ ಬದಲಾಯಿತು, ಅಷ್ಟೇ. ನಮ್ಮ ತರಗತಿಯಲ್ಲಿ ಹೀಗೆ ಮಾಡಿ ನೋಡಿದವರು ನಾನೊಬ್ಬನೇ ಅಲ್ಲ ಎಂದು ಗೊತ್ತಿದೆ.

ದಾದಿಯ ಮಾತಿಗೆ ಈಗ ಉತ್ತರ ಸಿಕ್ಕಿತು. ಮಾಮುವಿನ ಫೋನ್ ಜಾಗ ಉಳಿಸಲು ಎಚ್‌ಇವಿಸಿಯಲ್ಲಿ ಚಿತ್ರ ತೆಗೆದಿತ್ತು. ದನಿ ಮಾತ್ರ ಎಎಸಿ ಎಂಬ ಹಳೆಯ ಕೋಡೆಕ್‌ನಲ್ಲಿತ್ತು. ವಿಂಡೋಸ್ 7ರ ಮೀಡಿಯಾ ಪ್ಲೇಯರಿಗೆ ಎಎಸಿ ಬರುತ್ತದೆ, ಎಚ್.264 ಬರುತ್ತದೆ, ಎಚ್‌ಇವಿಸಿ ಬರುವುದಿಲ್ಲ. 2009ರಲ್ಲಿ ಬಂದ ವಿಂಡೋಸ್‌ಗೆ 2013ರ ಕೋಡೆಕ್ ಹೇಗೆ ಗೊತ್ತಿರಬೇಕು?

ಇಂಥ ವೇಳೆ ಇಂಟರ್ನೆಟ್‌ನಲ್ಲಿ "ಕೋಡೆಕ್ ಇಲ್ಲ, ಇಲ್ಲಿ ಒತ್ತಿ ಡೌನ್‌ಲೋಡ್ ಮಾಡಿ" ಎಂಬ ಬಟನ್ ಎದುರಾಗುತ್ತದೆ. ದಯವಿಟ್ಟು ಒತ್ತಬೇಡಿ. 2005ರ ಕೊನೆಯ ಹೊತ್ತಿಗೆ ಕಾಣಿಸಿಕೊಂಡ ಜ್ಲಾಬ್ ಎಂಬ ಟ್ರೋಜನ್ ವಿಡಿಯೊ ಕೋಡೆಕ್ ಎಂಬ ವೇಷದಲ್ಲೇ ಜನರ ಕಂಪ್ಯೂಟರಿಗೆ ನುಗ್ಗುತ್ತಿತ್ತು. ವಿಂಡೋಸ್ 7ಕ್ಕೆ 2020ರ ಜನವರಿ 14ರಿಂದ ಭದ್ರತಾ ಅಪ್‌ಡೇಟ್ ನಿಂತಿರುವುದರಿಂದ ನಮ್ಮಂಥವರು ಇನ್ನಷ್ಟು ಎಚ್ಚರ ಇರಬೇಕು.

ಸರಿಯಾದ ದಾರಿ ಅಂದರೆ ಕೋಡೆಕ್‌ಗಳನ್ನು ತನ್ನೊಳಗೇ ಇಟ್ಟುಕೊಂಡ ಪ್ಲೇಯರ್ ಹಾಕಿಕೊಳ್ಳುವುದು. ನಾನು ಹಾಕಿದ್ದು ವಿಎಲ್‌ಸಿ, ಕಿತ್ತಳೆ ಬಿಳಿ ಪಟ್ಟೆಯ ರಸ್ತೆ ಕೋನಿನ ಗುರುತು ಇರುವುದು. ಇದು ಶುರುವಾದದ್ದು 1996ರಲ್ಲಿ, ಪ್ಯಾರಿಸಿನ ಎಕೋಲ್ ಸೆಂಟ್ರಾಲ್ ಎಂಬ ಕಾಲೇಜಿನ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ. 2001ರ ಫೆಬ್ರವರಿ 1ರಂದು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಲೈಸೆನ್ಸಿನಲ್ಲಿ ಬಿಡುಗಡೆ ಮಾಡಿದರು. ಭಾರತದಲ್ಲಿ ಇದರ ವೆಬ್‌ಸೈಟ್ 2022ರಲ್ಲಿ ಹಲವು ತಿಂಗಳು ತೆರೆಯುತ್ತಿರಲಿಲ್ಲ. ವಿಎಲ್‌ಸಿ ಬ್ಯಾನ್ ಆಗಿದೆ ಎಂದು ಎಲ್ಲರೂ ಹೇಳುತ್ತಿದ್ದರು. ವಿಡಿಯೋಲ್ಯಾನ್ ಸಂಸ್ಥೆ ಇಂಟರ್ನೆಟ್ ಫ್ರೀಡಂ ಫೌಂಡೇಶನ್‌ನ ನೆರವಿನಿಂದ ಸರ್ಕಾರಕ್ಕೆ ಲೀಗಲ್ ನೋಟಿಸ್ ಕೊಟ್ಟ ಮೇಲೆ, ಅದೇ ವರ್ಷದ ನವೆಂಬರಿನಲ್ಲಿ ತಡೆ ತೆರವಾಯಿತು. ಈಗ ವಿಡಿಯೋಲ್ಯಾನ್ ಡಾಟ್ ಆರ್ಗ್ ಎಂಬ ವಿಳಾಸದಿಂದಲೇ ನೇರವಾಗಿ ತೆಗೆದುಕೊಳ್ಳಬಹುದು. ಬೇರೆ ಕಡೆಯಿಂದ ಬೇಡ.

ವಿಎಲ್‌ಸಿಯಲ್ಲಿ ವಿಡಿಯೊ ತೆರೆದು ಕಂಟ್ರೋಲ್ ಮತ್ತು ಜೆ ಒಟ್ಟಿಗೆ ಒತ್ತಿದರೆ ಡಬ್ಬಿಯೊಳಗೆ ಏನಿದೆ ಎಂದು ಬರೆದು ತೋರಿಸುತ್ತದೆ. ಯಾವ ತೊಂದರೆ ಬಂದರೂ ಮೊದಲು ಇದನ್ನೇ ನೋಡಿ. ನಮ್ಮದರಲ್ಲಿ ಎಚ್‌ಇವಿಸಿ, 3840 ಇಂಟು 2160, ಸೆಕೆಂಡಿಗೆ 30 ಚಿತ್ರ ಎಂದಿತ್ತು. ಅಂದರೆ 4ಕೆ, ಫುಲ್ ಎಚ್‌ಡಿಯ ನಾಲ್ಕು ಪಟ್ಟು.

ಚಿತ್ರ ಬಂತು! ಆದರೆ ಎರಡು ಸೆಕೆಂಡ್ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಬಳಕೆ 100. ಹೊಸ ಕಂಪ್ಯೂಟರುಗಳಲ್ಲಿ ವಿಡಿಯೊ ಬಿಡಿಸಲೆಂದೇ ಚಿಪ್ಪಿನೊಳಗೆ ಒಂದು ಭಾಗ ಇರುತ್ತದೆ. ಇಂಟೆಲ್‌ನಲ್ಲಿ ಎಚ್‌ಇವಿಸಿಗೆ ಇಂಥ ಭಾಗ ಪೂರ್ಣವಾಗಿ ಬಂದದ್ದು 2015ರ ಆರನೇ ತಲೆಮಾರಿನಿಂದ. ನಮ್ಮದು ಎರಡನೆಯದು. ಅದರಲ್ಲಿ ಎಚ್.264ಕ್ಕೆ ಆ ಸೌಲಭ್ಯ ಇದೆ, ಎಚ್‌ಇವಿಸಿಗೆ ಇಲ್ಲ. ಹಾಗಾಗಿ ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಎಚ್‌ಇವಿಸಿ ಬಿಡಿಸುವ ಕಾರ್ಡ್ ಹಾಕಿದ್ದರೆ ಓಡುತ್ತಿತ್ತು. ಆದರೆ ಕಂಪ್ಯೂಟರನ್ನು ವಿಡಿಯೊಗೆ ಹೊಂದಿಸುವ ಬದಲು ವಿಡಿಯೊವನ್ನು ಕಂಪ್ಯೂಟರಿಗೆ ಹೊಂದಿಸಬಹುದು ಎಂದು ಅವರು ಹೇಳಲಿಲ್ಲ.

ನಮ್ಮ ಕಂಪ್ಯೂಟರ್ ಸೈನ್ಸ್ ಸರ್ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್ ಬಗ್ಗೆ ಹೇಳಿದರು. ಅದರ ಹೊಸ ಆವೃತ್ತಿಗಳು ವಿಂಡೋಸ್ 7ರಲ್ಲಿ ನಡೆಯುವುದಿಲ್ಲ, ಆದ್ದರಿಂದ ಕಾಲೇಜ್ ಲ್ಯಾಬಿನಲ್ಲಿ ಮಾಡಿಕೊಳ್ಳಲು ಒಪ್ಪಿದರು. ಅಲ್ಲಿಗೆ ಫೈಲ್ ಒಯ್ಯುವುದೇ ದೊಡ್ಡ ಕಥೆಯಾಯಿತು. ಫೈಲ್ ಇದ್ದದ್ದು 4.4 ಜಿಬಿ. 16 ಜಿಬಿಯ ಪೆನ್‌ಡ್ರೈವ್ ಖಾಲಿ ಇದ್ದರೂ ಜಾಗ ಸಾಲದು ಎನ್ನುವ ಹಾಗೆ ಸಂದೇಶ ಬಂತು. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿದ್ದರೆ ಒಂದೇ ಫೈಲ್ 4 ಜಿಬಿಗಿಂತ ದೊಡ್ಡದಿರಲು ಸಾಧ್ಯವಿಲ್ಲ. ಎಕ್ಸ್‌ಫ್ಯಾಟ್ ಎಂದು ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ, ಆದರೆ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.

ಫಾರ್ಮ್ಯಾಟ್ ಮಾಡಿ ಕಾಪಿಗೆ ಹಾಕಿದೆ. ಅರ್ಧದಲ್ಲಿ ಕರೆಂಟ್ ಹೋಯಿತು. ನಮ್ಮಲ್ಲಿ ಯುಪಿಎಸ್ ಇಲ್ಲ. ಕರೆಂಟ್ ಬಂದ ಮೇಲೆ ನೋಡಿದರೆ ಪೆನ್‌ಡ್ರೈವಿನಲ್ಲಿ ಫೈಲಿನ ಹೆಸರು ಇತ್ತು. ಅಷ್ಟರಲ್ಲಿ ಮಾಮು ಊರಿಗೆ ಹೊರಡುವ ಹೊತ್ತಾಗಿ, "ಫೋನಿನಲ್ಲಿ ಜಾಗ ಇಲ್ಲ ಬೇಟಾ, ಕಾಪಿ ಆಯಿತಲ್ಲ, ಡಿಲೀಟ್ ಮಾಡಲಾ?" ಎಂದು ಕೇಳಿದರು. ಮನೆಯ ಕಂಪ್ಯೂಟರಿನ ಪ್ರತಿಯನ್ನೂ ನಾನು ಅದುವರೆಗೆ ಮೊದಲೆರಡು ನಿಮಿಷ ಬಿಟ್ಟು ನೋಡಿರಲಿಲ್ಲ. ಯಾಕೋ ಹೆದರಿಕೆಯಾಗಿ, "ಒಂದು ನಿಮಿಷ ನಿಲ್ಲಿ ಮಾಮು" ಅಂದೆ. ಪೆನ್‌ಡ್ರೈವಿನ ಪ್ರತಿ ತೆರೆಯಲೇ ಇಲ್ಲ. ಎಂಪಿ4 ಡಬ್ಬಿಯಲ್ಲಿ ಯಾವ ಚಿತ್ರ ಎಲ್ಲಿದೆ ಎಂಬ ಸೂಚಿ ಒಂದು ಇರುತ್ತದೆ. ಫೋನುಗಳು ಸಾಮಾನ್ಯವಾಗಿ ಅದನ್ನು ಕೊನೆಯಲ್ಲಿ ಬರೆಯುತ್ತವೆ. ಕೊನೆ ತುಂಡಾದರೆ ಮುಕ್ಕಾಲು ಭಾಗ ಇದ್ದರೂ ಪ್ಲೇಯರಿಗೆ ಏನೂ ಸಿಗುವುದಿಲ್ಲ. ಅದೇ ಫೋನಿನ ಇನ್ನೊಂದು ಒಳ್ಳೆಯ ವಿಡಿಯೊ ಮಾದರಿಯಾಗಿ ಕೊಟ್ಟು ಇಂಥ ಫೈಲನ್ನು ರಿಪೇರಿ ಮಾಡುವ ಅನ್‌ಟ್ರಂಕ್ ಎಂಬ ಸಾಫ್ಟ್‌ವೇರ್ ಇದೆ, ಆದರೆ ಕಾಪಿಯೇ ಆಗದ ಭಾಗವನ್ನು ಅದೂ ತಂದುಕೊಡಲಾರದು.

ಆದ್ದರಿಂದ ಮೂಲವನ್ನು ಅಳಿಸುವ ಮೊದಲು ಎರಡೂ ಕಡೆ ಬಲ ಬಟನ್ ಒತ್ತಿ ಪ್ರಾಪರ್ಟೀಸ್‌ನಲ್ಲಿ ಬೈಟ್ ಲೆಕ್ಕ ತಾಳೆ ನೋಡಿ. ಜಿಬಿ ಅಲ್ಲ, ಬೈಟ್. ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೂ ಒಳಗೆ ತಪ್ಪು ಉಳಿದಿರಬಹುದು ಎಂದು ನಮ್ಮ ಅಕೌಂಟೆನ್ಸಿ ಮೇಡಂ ಹೇಳುತ್ತಲೇ ಇರುತ್ತಾರೆ. ಇಲ್ಲಿಯೂ ಹಾಗೆಯೇ, ವಿಡಿಯೊ ಹಾಕಿ ಕೊನೆಯ ನಿಮಿಷದ ತನಕ ನೋಡಿ. ನಾನು ಮಾಮುವನ್ನು ಮುಂದಿನ ಬಸ್ಸಿಗೆ ಕಳಿಸಿದೆ. ಸ್ವಲ್ಪ ಬೈದರು.

ಲ್ಯಾಬಿನಲ್ಲಿ ಹ್ಯಾಂಡ್‌ಬ್ರೇಕ್ ತೆರೆದು ಫೈಲ್ ಕೊಟ್ಟು, ಫಾಸ್ಟ್ 1080ಪಿ30 ಎಂಬ ಪ್ರಿಸೆಟ್ ಆರಿಸಿ, ವಿಡಿಯೊ ಎನ್‌ಕೋಡರ್ ಎಚ್.264 ಇದೆಯೇ ನೋಡಿ, ಸ್ಟಾರ್ಟ್ ಒತ್ತಿದೆ. ಅರ್ಧ ಗಂಟೆಗಿಂತ ತುಸು ಹೆಚ್ಚು ಹಿಡಿಯಿತು. 4.4 ಜಿಬಿ ಒಂದು ಜಿಬಿಯೊಳಗೆ ಇಳಿಯಿತು. ಹೀಗೆ ಬದಲಿಸುವಾಗ ಗುಣಮಟ್ಟ ಸ್ವಲ್ಪ ಹೋಗುತ್ತದೆ, ಹೋದದ್ದು ಮತ್ತೆ ಬಾರದು. ಅದಕ್ಕೆ ಮೂಲವನ್ನೂ ಇಟ್ಟುಕೊಂಡಿದ್ದೇವೆ. ಮುಂದಿನ ಸಲ ಮಾಮು ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎಚ್‌ಇವಿಸಿ ಆಫ್ ಮಾಡಿದರೆ ಈ ಕೆಲಸವೇ ಇಲ್ಲ. ಐಫೋನ್ ಇದ್ದವರು ಕ್ಯಾಮೆರಾ ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಎಂದು ಆರಿಸಿಕೊಳ್ಳಬಹುದು. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ತಾನೇ ಒತ್ತಿ ಮಸುಕು ಮಾಡುತ್ತದೆ. ಡಾಕ್ಯುಮೆಂಟ್ 2 ಜಿಬಿಯ ತನಕ ಹೋಗುತ್ತದೆ.

ಉಳಿದ ಸಣ್ಣ ತೊಂದರೆಗಳು. ತುಟಿಗೂ ದನಿಗೂ ಹೊಂದದಿದ್ದರೆ ವಿಎಲ್‌ಸಿಯಲ್ಲಿ ಜೆ ಒತ್ತಿದರೆ ದನಿ ಮುಂಚೆ ಬರುತ್ತದೆ, ಕೆ ಒತ್ತಿದರೆ ತಡವಾಗಿ. ಹಸಿರು ಪರದೆ ಬಂದರೆ ಟೂಲ್ಸ್, ಪ್ರಿಫರೆನ್ಸಸ್, ಇನ್‌ಪುಟ್ ಕೋಡೆಕ್ಸ್‌ಗೆ ಹೋಗಿ ಹಾರ್ಡ್‌ವೇರ್ ಡಿಕೋಡಿಂಗ್ ನಿಲ್ಲಿಸಿ ನೋಡಿ. ಕನ್ನಡ ಸಬ್‌ಟೈಟಲ್ ಬರೀ ಚೌಕಗಳಾಗಿ ಕಂಡರೆ ಸಬ್‌ಟೈಟಲ್ ಫಾಂಟನ್ನು ತುಂಗಾ ಎಂದು ಬದಲಿಸಿ, ಅದು ವಿಂಡೋಸ್ 7ರಲ್ಲೇ ಇರುವ ಕನ್ನಡ ಫಾಂಟ್. ಹಳೆಯ ಮದುವೆ ವಿಸಿಡಿಗಳಲ್ಲಿ ಎಂಪೆಗ್‌ಎವಿ ಎಂಬ ಫೋಲ್ಡರಿನಲ್ಲಿ ಡ್ಯಾಟ್ ಎಂದು ಕೊನೆಯಾಗುವ ಫೈಲ್ ಇರುತ್ತದೆ, ವಿಎಲ್‌ಸಿ ಅದನ್ನೂ ಓಡಿಸುತ್ತದೆ. ಮನೆಯಲ್ಲಿದ್ದರೆ ಸಿಡಿ ಇನ್ನಷ್ಟು ಗೀಚುವ ಮೊದಲು ಕಾಪಿ ಮಾಡಿಕೊಳ್ಳಿ.

ಇನ್ನೊಂದು ಕೀಲಿ. ಆಲ್ಟ್ ಹಿಡಿದು ಎಡ ಬಾಣ ಒತ್ತಿದರೆ ವಿಎಲ್‌ಸಿ 10 ಸೆಕೆಂಡ್ ಹಿಂದೆ ಹೋಗುತ್ತದೆ. ಶುಕ್ರವಾರ ರಾತ್ರಿ ದಾದಿಯ ಮಂಚದ ಹತ್ತಿರ ಪರದೆ ಇಟ್ಟು ವಿಡಿಯೊ ಹಾಕಿದೆ. ಆಪಾ ತಲೆ ಎತ್ತಿ "ಖುಬೂಲ್" ಅನ್ನುವ ಜಾಗ ಬಂದಾಗ ದಾದಿ ಕೈ ಎತ್ತಿ ತಡೆದು, "ಫಿರ್ ಸೆ" ಅಂದರು. ಆ ಎರಡು ಕೀಲಿಗಳನ್ನು ಅಂದು ಎಷ್ಟು ಸಲ ಒತ್ತಿದೆನೋ ಲೆಕ್ಕ ಇಟ್ಟಿಲ್ಲ.