ಗಾಡಿಯನ್ನು ಎತ್ತರಿಸುವ ವಿಚಾರ

ಕಳೆದ ಆಷಾಢದಲ್ಲಿ ಹೊಳೆಹೊನ್ನೂರಿನ ಕಡೆಯ ಕೃಷಿಕರೊಬ್ಬರು ತಮ್ಮ ಹಳೆಯ ಜಿಪ್ಸಿ ಗಾಡಿಯೊಡನೆ ನಮ್ಮಲ್ಲಿಗೆ ಬಂದಿದ್ದರು. ಅವರ ತೋಟಕ್ಕೆ ಹೋಗುವ ದಾರಿ ಭದ್ರಾ ನಾಲೆಯ ಏರಿಯ ಮೇಲಿದೆ. ಮಳೆಗಾಲದಲ್ಲಿ ಟ್ರ್ಯಾಕ್ಟರುಗಳ ಓಡಾಟದಿಂದ ಅಲ್ಲಿ ಎರಡು ಆಳವಾದ ಕೊರಕಲುಗಳಾಗಿ, ನಡುವೆ ಮಣ್ಣಿನ ದಿಬ್ಬವೊಂದು ಉದ್ದಕ್ಕೂ ಉಳಿಯುತ್ತದೆ. ಹಿಂದಿನ ದಿನ ಗಾಡಿ ಆ ದಿಬ್ಬದ ಮೇಲೆ ಕುಳಿತು, ಚಕ್ರಗಳು ಇದ್ದಲ್ಲಿಯೇ ತಿರುಗಿದ್ದವಂತೆ. "ಮೇಷ್ಟ್ರೇ, ಎರಡಂಗುಲ ಎತ್ತರ ಮಾಡೋ ಕಿಟ್ಟು ಹಾಕಿಸೋಣ ಅಂತಿದೀನಿ. ಅಗ್ಗದ್ದೂ ಇದೆ, ದುಬಾರಿದೂ ಇದೆ. ಯಾವುದು ತಗೊಳ್ಳಲಿ, ಹೇಳಿ" ಎಂದರು.

ಬೆಲೆಯ ಮಾತನ್ನು ಬದಿಗಿರಿಸಿ ನಾವು ಗಾಡಿಯ ಕೆಳಗೆ ಬಗ್ಗಿ ನೋಡಿದೆವು. ಮಣ್ಣು ಉಜ್ಜಿದ ಗುರುತು ಚಾಸಿಯ ಮೇಲೆ ಎಲ್ಲಿಯೂ ಇರಲಿಲ್ಲ. ಹಿಂದಿನ ಅಚ್ಚಿನ ನಡುವೆ ಗುಂಡಗೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ ಪೆಟ್ಟಿಗೆಯ ಮೇಲೆ ಮಾತ್ರ ಇತ್ತು. ಈ ಒಂದು ಗುರುತಿನಿಂದಲೇ ಅವರ ಪ್ರಶ್ನೆಗೆ ಅರ್ಧ ಉತ್ತರ ದೊರೆಯಿತು.

1985ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಜಿಪ್ಸಿಯಲ್ಲಾಗಲಿ, ಮಲೆನಾಡಿನ ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೆಯ ಜೀಪುಗಳಲ್ಲಾಗಲಿ, ಎಡ ಬಲ ಚಕ್ರಗಳೆರಡನ್ನೂ ಒಂದೇ ಗಟ್ಟಿ ಅಚ್ಚು ಹೊತ್ತಿರುತ್ತದೆ. ಅಚ್ಚಿನ ಮೇಲೆ ಸ್ಪ್ರಿಂಗು, ಸ್ಪ್ರಿಂಗಿನ ಮೇಲೆ ಚಾಸಿ, ಚಾಸಿಯ ಮೇಲೆ ಒಡಲು. ಎತ್ತರಿಸುವ ಕಿಟ್ಟು ಯಾವುದೇ ಇರಲಿ, ಅದು ಕೆಲಸ ಮಾಡುವುದು ಅಚ್ಚಿಗೂ ಚಾಸಿಗೂ ನಡುವೆ. ಆದುದರಿಂದ ಚಾಸಿ ಮೇಲೇರುತ್ತದೆ. ಅಚ್ಚು ಇದ್ದಲ್ಲಿಯೇ ಇರುತ್ತದೆ. ಡಿಫರೆನ್ಷಿಯಲ್ ಪೆಟ್ಟಿಗೆ ನೆಲದಿಂದ ಎಷ್ಟು ಮೇಲಿದೆ ಎಂಬುದನ್ನು ನಿರ್ಣಯಿಸುವುದು ಚಕ್ರದ ತ್ರಿಜ್ಯವೊಂದೇ. ಎರಡಂಗುಲವಲ್ಲ, ಹತ್ತಂಗುಲದ ಕಿಟ್ಟು ಹಾಕಿದರೂ ಆ ದಿಬ್ಬಕ್ಕೂ ಆ ಪೆಟ್ಟಿಗೆಗೂ ಇರುವ ಅಂತರ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಮಾರುವವರು ಈ ಮಾತನ್ನು ಹೇಳುವುದು ಅಪರೂಪ.

ಹಾಗಾದರೆ ದೊಡ್ಡ ಟೈರು ಹಾಕಬಹುದಷ್ಟೆ? ಟೈರಿನ ಮೇಲೆ ಅಚ್ಚಾಗಿರುವ ಅಂಕಿಗಳಿಂದ ವ್ಯಾಸವನ್ನು ಲೆಕ್ಕ ಹಾಕಬಹುದು. 205/70 ಆರ್ 15 ಎಂದರೆ ಅಗಲ 205 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ 70 ಪಾಲು, ಒಳಗಿನ ರಿಮ್ಮು 15 ಅಂಗುಲ. ಒಟ್ಟು ವ್ಯಾಸ ಸುಮಾರು 668 ಮಿ.ಮೀ. ಇದರ ಬದಲು 215/75 ಆರ್ 15 ಹಾಕಿದರೆ ವ್ಯಾಸ 703 ಮಿ.ಮೀ. ಆಗುತ್ತದೆ. ಹೆಚ್ಚಿದ್ದು 35 ಮಿ.ಮೀ.; ಅಚ್ಚು ಏರುವುದು ಅದರ ಅರ್ಧ, ಎಂದರೆ ಹದಿನೇಳು ಹದಿನೆಂಟು ಮಿ.ಮೀ. ಮಾತ್ರ. ಇಷ್ಟಕ್ಕಾಗಿ ಮೀಟರು 60 ತೋರಿಸುವಾಗ ಗಾಡಿ 63 ಕಿ.ಮೀ. ವೇಗದಲ್ಲಿ ಓಡುವುದನ್ನೂ, ಏರಿನಲ್ಲಿ ಎಳೆತ ಕುಗ್ಗುವುದನ್ನೂ ಒಪ್ಪಿಕೊಳ್ಳಬೇಕು.

ಎತ್ತರಿಸುವುದರಿಂದ ಪ್ರಯೋಜನವೇ ಇಲ್ಲವೆಂದು ಇದರ ಅರ್ಥವಲ್ಲ. ಗದ್ದೆಯ ದಪ್ಪನೆಯ ಬದುವನ್ನು ದಾಟುವಾಗ ಮುಂದಿನ ಚಕ್ರಗಳು ಆಚೆ ಇಳಿದು, ಹಿಂದಿನವು ಈಚೆಯೇ ಉಳಿದು, ಬದುವಿನ ನೆತ್ತಿ ಗಾಡಿಯ ಹೊಟ್ಟೆಗೆ ತಗಲುವುದುಂಟು. ಅಲ್ಲಿ ಲೆಕ್ಕಕ್ಕೆ ಬರುವುದು ಚಾಸಿಯ ಎತ್ತರ. ಜಿಪ್ಸಿಯ ಮುಂದಿನ ಹಿಂದಿನ ಅಚ್ಚುಗಳ ನಡುವಣ ದೂರ ಸುಮಾರು 237 ಸೆಂ.ಮೀ. ಹೊಟ್ಟೆ ನೆಲದಿಂದ 30 ಸೆಂ.ಮೀ. ಮೇಲಿದೆ ಎಂದು ಭಾವಿಸಿದರೆ, ಅದು ತಗಲದೆ ದಾಟಬಹುದಾದ ಬದುವಿನ ಕೋನ ಸುಮಾರು 28 ಡಿಗ್ರಿ, 5 ಸೆಂ.ಮೀ. ಏರಿಸಿದರೆ 33 ಡಿಗ್ರಿ. ಇದು ನಿಜವಾದ ಲಾಭ. ಮಣ್ಣಿನ ಗುರುತು ಚಾಸಿಯ ಮೇಲೋ, ಸೈಲೆನ್ಸರಿನ ಮೇಲೋ, ಬಂಪರಿನ ಮೇಲೋ ಇದ್ದರೆ ಕಿಟ್ಟಿನ ವಿಚಾರ ಮಾಡುವುದು ಸರಿ.

ಈಗ ಅಗ್ಗದ ಕಿಟ್ಟುಗಳನ್ನು ನೋಡೋಣ. ಎಲ್ಲಕ್ಕಿಂತ ಅಗ್ಗವಾದುದು ಉದ್ದನೆಯ ಶ್ಯಾಕಲ್. ಪ್ಲೇಟು ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ತೂಗುಹಾಕಿರುವ ಜೋಡಿ ಪಟ್ಟಿಗೆ ಈ ಹೆಸರು. ಅಚ್ಚು ಸ್ಪ್ರಿಂಗಿನ ಮಧ್ಯದಲ್ಲಿರುವುದರಿಂದ, ಒಂದು ತುದಿಯಲ್ಲಿ ಶ್ಯಾಕಲನ್ನು 5 ಸೆಂ.ಮೀ. ಉದ್ದ ಮಾಡಿದರೆ ಅಚ್ಚಿನ ನೇರಕ್ಕೆ ದೊರೆಯುವುದು ಎರಡೂವರೆ ಮಾತ್ರ. ಅದಕ್ಕಿಂತ ಮುಖ್ಯವಾದ ದೋಷ ಇನ್ನೊಂದಿದೆ. ಮುಂದಿನ ಸ್ಪ್ರಿಂಗಿನ ಮುಂತುದಿಯಲ್ಲಿ ಶ್ಯಾಕಲ್ ಇರುವ ಗಾಡಿಗಳಲ್ಲಿ ಆ ತುದಿ ಕೆಳಕ್ಕೆ ವಾಲಿ, ಅದರೊಡನೆ ಅಚ್ಚೂ ಮುಂದಕ್ಕೆ ತಿರುಗುತ್ತದೆ. ಸೈಕಲ್ಲಿನ ಮುಂದಿನ ಫೋರ್ಕು ಓರೆಯಾಗಿರುವುದನ್ನು ವಾಚಕರು ಗಮನಿಸಿರಬಹುದು. ಹ್ಯಾಂಡಲನ್ನು ನೇರಕ್ಕೆ ಮರಳಿ ತರುವಲ್ಲಿ ಆ ಓರೆಗೂ ಪಾಲಿದೆ. ಮೋಟಾರು ಗಾಡಿಯಲ್ಲಿಯೂ ಅಂತಹ ಓರೆ ಉಂಟು. ಅಚ್ಚು ತಿರುಗಿದಂತೆ ಅದು ಕಡಿಮೆಯಾಗಿ, ವೇಗದಲ್ಲಿ ಸ್ಟೀಯರಿಂಗು ಅಲೆದಾಡತೊಡಗುತ್ತದೆ.

ಎರಡನೆಯದು, ಇರುವ ಸ್ಪ್ರಿಂಗಿಗೆ ಒಂದು ಪ್ಲೇಟು ಹೆಚ್ಚಾಗಿ ಸೇರಿಸುವುದು. ನಮ್ಮ ಕಡೆ ಬಹು ಪ್ರಚಾರದಲ್ಲಿರುವ ಈ ಉಪಾಯದ ಹಿಂದಿನ ಭೌತಶಾಸ್ತ್ರವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಗಾಡಿಯ ಭಾರಕ್ಕೆ ಸ್ಪ್ರಿಂಗು 10 ಸೆಂ.ಮೀ. ತಗ್ಗಿದೆ ಎಂದು ಇಟ್ಟುಕೊಳ್ಳೋಣ. ಬಾಗನ್ನು ಬದಲಿಸದೆ ಬಿಗುವನ್ನು ಮಾತ್ರ ಹೆಚ್ಚಿಸಿ ಗಾಡಿಯನ್ನು 5 ಸೆಂ.ಮೀ. ಏರಿಸಬೇಕಾದರೆ, ಅದೇ ಭಾರಕ್ಕೆ ಸ್ಪ್ರಿಂಗು 5 ಸೆಂ.ಮೀ. ಮಾತ್ರ ತಗ್ಗಬೇಕು. ಎಂದರೆ ಅದರ ಬಿಗು ಎರಡರಷ್ಟಾಗಬೇಕು. ಗಾಡಿ ಮೇಲಕ್ಕೂ ಕೆಳಕ್ಕೂ ತೂಗುವ ಆವೃತ್ತಿ ಈ ತಗ್ಗುವಿಕೆಯ ವರ್ಗಮೂಲಕ್ಕೆ ವಿಲೋಮವಾಗಿರುವುದರಿಂದ, ಸೆಕೆಂಡಿಗೆ 1.6 ಸಲ ತೂಗುತ್ತಿದ್ದ ಗಾಡಿ 2.2 ಸಲ ತೂಗುತ್ತದೆ. ಕುಳಿತವರ ಸೊಂಟಕ್ಕೆ ಇದರ ಅರಿವು ಬೇಗನೆ ಆಗುತ್ತದೆ. ಸೊಂಟದ ಮಾತು ಹಾಗಿರಲಿ. ಬಿಗಿಯಾದ ಸ್ಪ್ರಿಂಗಿನ ಗಾಡಿಯಲ್ಲಿ ಚಕ್ರ ತಗ್ಗಿನೊಳಗೆ ಪೂರ್ತಿ ಇಳಿಯದೆ ಗಾಳಿಯಲ್ಲಿ ನಿಲ್ಲುತ್ತದೆ. ಸಾಧಾರಣ ಡಿಫರೆನ್ಷಿಯಲ್ಲು ತೇಲುವ ಚಕ್ರವನ್ನೇ ಗಿರ್ರನೆ ತಿರುಗಿಸಿ, ನೆಲ ಹಿಡಿದ ಚಕ್ರವನ್ನು ಸುಮ್ಮನಿರಿಸುತ್ತದೆ. ಕೆಸರಿನಿಂದ ಪಾರಾಗಲೆಂದು ಹಾಕಿಸಿದ ಪ್ಲೇಟೇ ಗಾಡಿಯನ್ನು ಕೆಸರಿನಲ್ಲಿ ಕೂರಿಸುವುದು ಹೀಗೆ. ಸದಾ ಮೂಟೆಗಳನ್ನು ಹೊರುವ ಗಾಡಿಗಾದರೆ ಮಾತು ಬೇರೆ. ಅದಕ್ಕೆ ಒಂದು ಪ್ಲೇಟು ಹೆಚ್ಚಾಗಿರುವುದು ನ್ಯಾಯವೇ.

ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ಲೋಹದ ದಿಂಡು ಕೊಡುವ ಪದ್ಧತಿಯೂ ಇದೆ. ಹಿಂದಿನ ಅಚ್ಚಿಗೆ ಸಣ್ಣ ದಿಂಡನ್ನು ಸಹಿಸಬಹುದು. ಮುಂದಿನದಕ್ಕೆ ಎಂದಿಗೂ ಕೂಡದು, ಏಕೆಂದರೆ ಬ್ರೇಕಿನ ತಿರುಚುಬಲ ಮುಖ್ಯವಾಗಿ ಬೀಳುವುದು ಅಲ್ಲಿಯೇ. 2020ರ ಥಾರ್, 2023ರಲ್ಲಿ ನಮ್ಮಲ್ಲಿಗೆ ಬಂದ ಜಿಮ್ನಿ ಮುಂತಾದ ಸುರುಳಿ ಸ್ಪ್ರಿಂಗಿನ ಗಾಡಿಗಳಿಗೆ ಸ್ಪೇಸರ್ ಎಂಬ ಬಿಲ್ಲೆಗಳು ಸಿಗುತ್ತವೆ. ಇವು ಬಿಗುವನ್ನು ಕೆಡಿಸುವುದಿಲ್ಲ, ನಿಜ. ಆದರೆ ಶಾಕ್ ಅಬ್ಸಾರ್ಬರು ಹಳೆಯದೇ ಆಗಿದ್ದರೆ ಚಕ್ರ ಕೆಳಗಿಳಿಯುವಾಗ ಅದು ಬೇಗನೆ ತನ್ನ ಪೂರ್ಣ ಉದ್ದವನ್ನು ಮುಟ್ಟಿ, ಪ್ರತಿ ಹಳ್ಳಕ್ಕೂ ಪೆಟ್ಟು ತಿನ್ನುತ್ತದೆ.

ಹೆಚ್ಚು ಬಾಗಿನ ಹೊಸ ಸ್ಪ್ರಿಂಗುಗಳು, ಅವಕ್ಕೆ ತಕ್ಕ ಉದ್ದದ ಶಾಕ್ ಅಬ್ಸಾರ್ಬರುಗಳು, ಹೊಸ ಯು ಬೋಲ್ಟುಗಳು, ಬ್ರೇಕಿನ ಉದ್ದನೆಯ ಹೋಸುಗಳು, ಇಷ್ಟೂ ಇರುವುದು ಮಾತ್ರ ಪೂರ್ಣ ಕಿಟ್ಟು. ಬೆಲೆ ಹೆಚ್ಚು, ಆದರೆ ಕೊಳ್ಳಲೇಬೇಕೆಂದಿದ್ದರೆ ನಾವು ಹೇಳುವುದು ಇದನ್ನೇ, ಅದೂ 5 ಸೆಂ.ಮೀ. ಮೀರದಂತೆ. ಅದಕ್ಕಿಂತ ಮೇಲೇರಿದರೆ ಪ್ರೊಪೆಲರ್ ಷಾಫ್ಟಿನ ಕೀಲುಗಳ ಕೋನ ಬೆಳೆಯುತ್ತದೆ. ಕೋನ 10 ಡಿಗ್ರಿ ಇರುವಾಗ ಒಂದೇ ಸುತ್ತಿನಲ್ಲಿ ಕೀಲಿನ ವೇಗ ನೂರಕ್ಕೆ ಒಂದೂವರೆಯಷ್ಟು ಏರಿಳಿದರೆ, 20 ಡಿಗ್ರಿಯಲ್ಲಿ ಆರರಷ್ಟು ಏರಿಳಿಯುತ್ತದೆ. ಷಾಫ್ಟಿನ ಎರಡು ಕೀಲುಗಳ ಕೋನಗಳೂ ಸಮನಾಗಿ ಉಳಿಯದಿದ್ದರೆ ಈ ಏರಿಳಿತವೇ ನಡುಕವಾಗಿ ಗಾಡಿಗೆ ತಲಪುತ್ತದೆ.

ಸೋತ ಪ್ಲೇಟುಗಳನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಬಾಗು ಕೊಡಿಸುವವರೂ ಇದ್ದಾರೆ. 1923ರಲ್ಲಿ ಉತ್ಪಾದನೆ ಆರಂಭಿಸಿ, ಮುಂದೆ ಮಿಶ್ರಲೋಹದ ಉಕ್ಕುಗಳಿಗೆ ಹೆಸರಾದ ಭದ್ರಾವತಿಯ ಕಾರ್ಖಾನೆಯ ನೆರೆಯವರಿಗೆ ಉಕ್ಕೆಲ್ಲ ಒಂದೇ ಅಲ್ಲವೆಂದು ಹೇಳಬೇಕಾಗಿಲ್ಲ. ಸ್ಪ್ರಿಂಗಿನ ಉಕ್ಕಿನ ಗುಣವಿರುವುದು ಅದನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ನಿಯಮಿತ ಉಷ್ಣತೆಗೆ ತಂದು ಹದಗೊಳಿಸಿರುವುದರಲ್ಲಿ. ಅಂದಾಜಿನ ಬೆಂಕಿಗೆ ಹಿಡಿದರೆ ಆ ಹದ ಹೋಗುತ್ತದೆ. ಪ್ಲೇಟು ಕೆಲವೇ ದಿನಗಳಲ್ಲಿ ಮತ್ತೆ ಸೋಲುತ್ತದೆ, ಇಲ್ಲವೆ ಮುರಿಯುತ್ತದೆ.

ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಚಿಂತೆಗೆ ಈಡುಮಾಡಿದ್ದು ನಾಲೆಯ ಏರಿ. ಆ ಗಾಡಿಯಲ್ಲಿ ನಿತ್ಯವೂ ಅವರ ತಾಯಿಯೂ ಮಕ್ಕಳೂ ಓಡಾಡುತ್ತಾರೆ. ಒಂದು ಪಕ್ಕದಲ್ಲಿ ತುಂಬಿದ ನೀರು. ಗಾಡಿ ಪಕ್ಕಕ್ಕೆ ಮಗುಚುವುದು ಗುರುತ್ವ ಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಚಕ್ರದ ಆಚೆ ಬಿದ್ದಾಗ. ಅಗಲ ಅಚ್ಚಿನ ಜಿಪ್ಸಿಯ ಎಡ ಬಲ ಚಕ್ರಗಳ ನಡುವೆ ಸುಮಾರು 130 ಸೆಂ.ಮೀ. ಅಂತರವಿದೆ; ಅರ್ಧ 65. ಗುರುತ್ವ ಕೇಂದ್ರ 60 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಂಡರೆ 47 ಡಿಗ್ರಿ ಓರೆಯವರೆಗೆ ನಿಲ್ಲುತ್ತದೆ. 5 ಸೆಂ.ಮೀ. ಎತ್ತರಿಸಿದರೆ 45. ಎರಡು ಡಿಗ್ರಿ ತಾನೆ ಎನಿಸಬಹುದು. ಮೇಲಿನ ಕ್ಯಾರಿಯರಿನಲ್ಲಿ ಅಡಿಕೆ ಮೂಟೆ ಹೇರಿ ಕೇಂದ್ರ 75ಕ್ಕೆ ಏರಿದರೆ 41 ಡಿಗ್ರಿ. ಏರಿಯ ಅಂಚು ಕುಸಿದು ಒಂದು ಪಕ್ಕದ ಚಕ್ರಗಳು 20 ಸೆಂ.ಮೀ. ಇಳಿದರೆ ಇನ್ನೊಂದು 9 ಡಿಗ್ರಿ ಕಳೆಯಿರಿ. ಇಷ್ಟೂ ಗಟ್ಟಿ ಪೆಟ್ಟಿಗೆಯ ಲೆಕ್ಕ. ನಿಜವಾದ ಗಾಡಿಯಲ್ಲಿ ತಗ್ಗಿನ ಪಕ್ಕದ ಸ್ಪ್ರಿಂಗು ಕುಸಿದು, ಒಡಲು ಇನ್ನಷ್ಟು ವಾಲುತ್ತದೆ. ಚಲಿಸುತ್ತಿರುವಾಗಿನ ಎಸೆತ ಬೇರೆ. ಮಗುಚುವ ಕೋನ ಲೆಕ್ಕಕ್ಕಿಂತ ಬಹಳ ಮೊದಲೇ ಬಂದುಬಿಡುತ್ತದೆ.

ಕಾನೂನಿನ ಮಾತನ್ನೂ ಆಡಬೇಕು. ತಯಾರಕರು ಗೊತ್ತುಪಡಿಸಿದ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದು ಇಂತಹ ಬದಲಾವಣೆಗಳನ್ನೇ. ಕಿಟ್ಟು ಕೊಳ್ಳುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳದವರು ಈ ಹೊಣೆಯನ್ನೂ ಹೊತ್ತಂತೆಯೇ.

ಕೊಲ್ಲೂರಿನಿಂದ ಕೊಡಚಾದ್ರಿಗೆ ಯಾತ್ರಿಕರನ್ನು ಹೊತ್ತು ಏರುವ ಜೀಪುಗಳಲ್ಲಿ ಕುಳಿತವರು ಆ ದಾರಿಯ ಬಂಡೆಗಳನ್ನು ಮರೆತಿರಲಾರರು. ಅಲ್ಲಿ ಚಾಲಕರು ಬಂಡೆಯನ್ನು ಎರಡು ಚಕ್ರಗಳ ನಡುವೆ ಬಿಡದೆ, ಚಕ್ರವನ್ನೇ ಅದರ ಮೇಲೆ ಹತ್ತಿಸುತ್ತಾರೆ. ಚಕ್ರ ಏರಿದರೆ ಅಚ್ಚೂ ಏರುತ್ತದೆ. ಯಾವ ಕಿಟ್ಟೂ ಮಾಡಲಾರದ ಕೆಲಸ ಅದು.

ಕೊನೆಗೆ ನಾವಿಬ್ಬರೂ ಟೇಪು ಹಿಡಿದು, ಪ್ರತಿ ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದೆವು. ಚಾಲಕನ ಕಡೆ ಹಿಂದುಗಡೆ ಎಡಕ್ಕಿಂತ 3 ಸೆಂ.ಮೀ. ಕಡಿಮೆ ಬಂದಿತು. ಗಾಡಿ ತಗ್ಗಾಗಿರುವುದು ಹುಟ್ಟಿನಿಂದಲ್ಲ, ಸ್ಪ್ರಿಂಗು ಸೋತದ್ದರಿಂದ. ಅವರು ಕಿಟ್ಟಿನ ಯೋಚನೆ ಬಿಟ್ಟು, ತಯಾರಕರ ಮೂಲ ಅಳತೆಯ ಹಿಂದಿನ ಸ್ಪ್ರಿಂಗುಗಳನ್ನೂ ಬುಷ್ಷುಗಳನ್ನೂ ಹಾಕಿಸಿಕೊಂಡರು. ಸವೆದ ಟೈರುಗಳ ಬದಲು ಅದೇ ಅಳತೆಯ, ಆಳವಾದ ಗೆರೆಗಳುಳ್ಳ ಟೈರುಗಳನ್ನು ತಂದರು. ಗಾಡಿ ಈಗ ವಾಲದೆ ನಿಲ್ಲುತ್ತದೆ. ಏರಿಯ ಮೇಲಿನ ದಿಬ್ಬಕ್ಕೆ ಒಂದು ಗುದ್ದಲಿಯನ್ನು ಸೀಟಿನ ಹಿಂದೆ ಇಟ್ಟುಕೊಂಡಿದ್ದಾರೆ. ಹೊಸ ಸ್ಪ್ರಿಂಗು ಕೂರಲು ಕೆಲವು ದಿನ ಬೇಕಾಗುವುದರಿಂದ, ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಯು ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ, ಚಕ್ರಗಳ ನೇರವನ್ನೂ ನೋಡಿಸಿಕೊಳ್ಳಬೇಕೆಂದು ಅವರಿಗೆ ಹೇಳಿ ಕಳುಹಿಸಿದೆವು.